ಸೇಬಿನ ಸೀಮೆಯಲ್ಲಿ ಸರ್ಕಾರದ ಜಾಮೀನು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ದಕ್ಷಿಣ ಅಂಚಿನಲ್ಲಿ ಆಡಮ್ಸ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಹಾಗೆ. ಅದರ ಮುಖ್ಯ ಊರು ಗೆಟಿಸ್‌ಬರ್ಗ್. 1863ರ ಜುಲೈ ತಿಂಗಳ ಮೊದಲ ಮೂರು ದಿನ ಅಂತರ್ಯುದ್ಧದ ಘೋರ ಕಾಳಗ ನಡೆದದ್ದು ಇಲ್ಲಿ. ಅದೇ ನವೆಂಬರ್‌ನಲ್ಲಿ ಲಿಂಕನ್ ಬಂದು ನಾಲ್ಕು ಮಾತಾಡಿ ಹೋದದ್ದೂ ಇಲ್ಲೇ. ಊರಿನ ಕೆಲವು ಇಟ್ಟಿಗೆ ಗೋಡೆಗಳಲ್ಲಿ ಗುಂಡಿನ ಗುರುತು ಇನ್ನೂ ಮಾಸಿಲ್ಲ. ಉತ್ತರಕ್ಕೆ ಹೋದರೆ ಬಿಗ್ಲರ್‌ವಿಲ್ ಸುತ್ತಮುತ್ತ ಸೇಬಿನ ತೋಟಗಳು.

ಇಂಥ ಹಳೆಯ ಸೀಮೆಯಲ್ಲಿ ಮನೆ ಕೊಳ್ಳುವ ಆಸೆಯಿದೆ, ಸಂಬಳವೂ ಬರುತ್ತಿದೆ, ಆದರೆ ಮುಂಗಡ ಕಟ್ಟಲು ಇಡುಗಂಟಿಲ್ಲ. ಅಂಥವರಿಗೆ ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಒಂದು ಯೋಜನೆ ಇದೆ. ಅದರ ಬೇರು 1949ರ ವಸತಿ ಕಾಯ್ದೆಯಲ್ಲಿದೆ. ಸರ್ಕಾರವೇ ಸಾಲ ಕೊಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಕಡಿಮೆ ಆದಾಯದವರಿಗೆ ನೇರ ಸಾಲವೂ ಉಂಟು, ನಿಜ. ಆದರೆ ನಾನು ಹೇಳುತ್ತಿರುವ ಯೋಜನೆಯಲ್ಲಿ ಹಣ ಬ್ಯಾಂಕಿನದು, ಸರ್ಕಾರದ್ದು ಜಾಮೀನು ಮಾತ್ರ. ಸಾಲಗಾರ ಕೈಯೆತ್ತಿದರೆ ಮೂಲ ಸಾಲದ ಶೇಕಡಾ 90ರವರೆಗಿನ ನಷ್ಟಕ್ಕೆ ಸರ್ಕಾರ ಹೆಗಲು ಕೊಡುತ್ತದೆ. ಆ ಧೈರ್ಯದಿಂದಲೇ ಬ್ಯಾಂಕು ಮುಂಗಡ ಕೇಳುವುದಿಲ್ಲ.

ಜಾಮೀನು ಪುಕ್ಕಟೆಯಲ್ಲ. ಆರಂಭದಲ್ಲಿ ಸಾಲದ ಶೇಕಡಾ 1, ಆಮೇಲೆ ಉಳಿದ ಸಾಲದ ಮೇಲೆ ವರ್ಷಕ್ಕೆ ಶೇಕಡಾ 0.35 ಶುಲ್ಕ. ಎರಡೂವರೆ ಲಕ್ಷ ಡಾಲರ್ ಸಾಲಕ್ಕೆ ಮೊದಲು 2,500 ಡಾಲರ್, ಬಳಿಕ ತಿಂಗಳಿಗೆ 73 ಡಾಲರಿನ ಆಸುಪಾಸು. ಮನೆಯ ವಯಸ್ಕರೆಲ್ಲರ ಆದಾಯ ಕೂಡಿಸಿದರೂ ಆ ಪ್ರದೇಶದ ಮಧ್ಯಮ ಆದಾಯದ (ಅರ್ಧ ಕುಟುಂಬಗಳ ಗಳಿಕೆ ಇದಕ್ಕಿಂತ ಹೆಚ್ಚು, ಅರ್ಧದ್ದು ಕಡಿಮೆ) ಶೇಕಡಾ 115ನ್ನು ದಾಟಬಾರದು. ಮನೆ ಇಲಾಖೆಯ ಗ್ರಾಮೀಣ ನಕ್ಷೆಯೊಳಗೆ ಬೀಳಬೇಕು, ಕೊಂಡವರೇ ಅದರಲ್ಲಿ ವಾಸಿಸಬೇಕು. ಅಲ್ಲಿರುವ ನಮ್ಮ ಕನ್ನಡಿಗರಿಗೂ ಗ್ರೀನ್ ಕಾರ್ಡ್ ಇದ್ದರೆ ಇದು ತೆರೆದಿದೆ. ಬರೀ ಕೆಲಸದ ವೀಸಾದವರಿಗೆ ಇಲ್ಲ.

ನನಗೆ ಮೋಜೆನಿಸುವುದು ಮನೆಯ ಪರೀಕ್ಷೆ. ಗೋಡೆ ಯಾವ ಯುದ್ಧ ಕಂಡಿದೆ ಎಂದು ಯಾರೂ ಕೇಳುವುದಿಲ್ಲ. ಬಾವಿಯ ನೀರು ಕುಡಿಯಲು ಯೋಗ್ಯವೇ, ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುತ್ತದೆಯೇ, ಮಾಡು ಸೋರುತ್ತದೆಯೇ, ಇಂಥವೇ ಪ್ರಶ್ನೆಗಳು. 1978ಕ್ಕಿಂತ ಹಿಂದಿನ ಮನೆಯಲ್ಲಿ ಬಣ್ಣ ಚಕ್ಕೆಯೆದ್ದಿದ್ದರೆ ಅದರಲ್ಲಿರಬಹುದಾದ ವಿಷಕಾರಿ ಸೀಸದ ಭಯ, ಅದನ್ನು ಸರಿಪಡಿಸಬೇಕು. ಗುಂಡಿನ ತೂತಿಗೆ ತಕರಾರಿಲ್ಲ, ಸುಲಿದ ಬಣ್ಣಕ್ಕೆ ಇದೆ! ಪಾರಂಪರಿಕ ವಲಯದ ಮನೆಯಾದರೆ ಹೊರಗೋಡೆ, ಕಿಟಕಿ ಬದಲಿಸಲು ಊರಿನ ಸಮಿತಿಯ ಮುಂದೆಯೂ ನಿಲ್ಲಬೇಕು. ಸಾಲ ಸಿಕ್ಕ ಸಂಭ್ರಮದಲ್ಲಿ ಆ ಖರ್ಚನ್ನು ಮರೆಯುವವರೇ ಹೆಚ್ಚು ಎಂಬುದು ನನ್ನ ಎಣಿಕೆ.

ಇನ್ನೊಂದು ವಿಚಿತ್ರ. ಸಾಲಕ್ಕೆ ಜಾಮೀನು ನಿಲ್ಲುವುದು ಕೃಷಿ ಇಲಾಖೆ, ಆದರೆ ಫಸಲು ಮಾರುವ ಸೇಬಿನ ತೋಟ ಕೊಳ್ಳಲು ಇದು ಬರುವುದಿಲ್ಲ. ಆದಾಯ ತರುವ ಜಮೀನಿಗೆ ಅದೇ ಇಲಾಖೆಯ ಬೇರೆ ಬಾಗಿಲು ತಟ್ಟಬೇಕು.

ಸೈನ್ಯದ ನೌಕರಿಯಲ್ಲಿ ಊರೂರು ಅಲೆದ ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ ಮತ್ತು ಅವರ ಪತ್ನಿ ತಮ್ಮದೆಂದು ಕೊಂಡ ಒಂದೇ ಒಂದು ಮನೆ ಇದೇ ಗೆಟಿಸ್‌ಬರ್ಗ್ ರಣಭೂಮಿಯ ಪಕ್ಕದಲ್ಲಿದೆ, ಕೊಂಡದ್ದು 1950ರಲ್ಲಿ. ಅಲ್ಲಿ ಅವರು ಆಂಗಸ್ ತಳಿಯ ದನಗಳನ್ನು ಸಾಕಿದ್ದರು. ಇಂದಿನ ನಿಯಮದಲ್ಲಾದರೆ ಆ ಜಮೀನಿಗೆ ಈ ಜಾಮೀನು ಸಿಗುತ್ತಿರಲಿಲ್ಲ.

ನಮಸ್ಕಾರ.