ಅಂಗಡಿಗೆ ಹೋಗುವ ಮುಂಚೆ ಟಿವಿಯ ಬೆನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈಗಿನ ಟಿವಿಗಳು ತೆಳ್ಳಗಿವೆ, ನೋಡೋಕೆ ಚೆಂದ. ಆದರೆ ಅಷ್ಟು ತೆಳ್ಳಗಿನ ಡಬ್ಬದಲ್ಲಿ ಒಳ್ಳೆ ಸ್ಪೀಕರ್ ಕೂರಿಸಲು ಜಾಗವೇ ಇಲ್ಲ. ಅದಕ್ಕೇ ಜನ ಸೌಂಡ್‌ಬಾರ್ ತರುತ್ತಾರೆ, ಇಲ್ಲವೇ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ ಹೋಮ್ ಥಿಯೇಟರ್ ತರುತ್ತಾರೆ. ತಂದ ಮೇಲೆ ಶುರುವಾಗುತ್ತೆ ಪ್ರಶ್ನೆ. ಟಿವಿಯಿಂದ ಇದಕ್ಕೆ ಯಾವ ಕೇಬಲ್ ಹಾಕೋದು? ಆಪ್ಟಿಕಲ್ಲಾ, ಕೊಯಾಕ್ಸಿಯಲ್ಲಾ, ಎಚ್‌ಡಿಎಂಐಯಾ?

ನನ್ನ ಉತ್ತರ ಇಷ್ಟೇ. ಅಂಗಡಿಗೆ ಹೋಗುವ ಮುಂಚೆ ಟಿವಿಯ ಬೆನ್ನು ನೋಡಿ. ಆಮೇಲೆ ಟಿವಿಯ ಸೌಂಡ್ ಸೆಟಿಂಗ್ ನೋಡಿ. ಕೇಬಲ್‌ನ ಬೆಲೆ ನೋಡಬೇಡಿ. ಈ ಮಾತನ್ನು ಇವತ್ತು ನಾಲ್ಕಾರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಕೇಳದೆ ದುಡ್ಡು ಕಳೆದುಕೊಂಡವರನ್ನು ನಾನು ತುಂಬಾ ನೋಡಿದ್ದೇನೆ.

ಟಿವಿಯ ಬೆನ್ನಲ್ಲಿ ಏನಿರುತ್ತೆ? ಎಚ್‌ಡಿಎಂಐ ಪೋರ್ಟ್‌ಗಳು ಎರಡೋ ಮೂರೋ ಇರುತ್ತವೆ. ಅವುಗಳಲ್ಲಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ (ಟಿವಿಯ ಸದ್ದನ್ನು ಹಿಂದಕ್ಕೆ ಕಳಿಸುವ ದಾರಿ) ಅಥವಾ ಇಎಆರ್‌ಸಿ (ಅದರ ಸುಧಾರಿತ ರೂಪ) ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಟಾರ್ಚ್ ಹಿಡಿದು ಹುಡುಕಿ. ಅದು ಸಿಕ್ಕಿತು, ನಿಮ್ಮ ಹೋಮ್ ಥಿಯೇಟರ್‌ನಲ್ಲೂ ಅದೇ ಹೆಸರಿನ ಪೋರ್ಟ್ ಇದೆ ಅಂದರೆ ಇನ್ನು ಯೋಚನೆಯೇ ಬೇಡ. ಆ ಎರಡರ ನಡುವೆ ಒಂದು ಎಚ್‌ಡಿಎಂಐ ಕೇಬಲ್ ಹಾಕಿ. ಟಿವಿಯ ಸದ್ದು ಅದರಲ್ಲೇ ಹಿಂದಕ್ಕೆ ಬರುತ್ತೆ. ಟಿವಿ ರಿಮೋಟ್‌ನಲ್ಲೇ ಸೌಂಡ್‌ಬಾರ್‌ನ ವಾಲ್ಯೂಮ್ ಕೂಡ ಹೆಚ್ಚು ಕಡಿಮೆ ಮಾಡಬಹುದು. ಮನೆಯಲ್ಲಿ ವಯಸ್ಸಾದವರು ಇದ್ದರೆ ಈ ಒಂದೇ ರಿಮೋಟ್ ಅನುಕೂಲ ಸಣ್ಣದೇನಲ್ಲ.

ಈ ಎಆರ್‌ಸಿ ಬಂದದ್ದು 2009ರಲ್ಲಿ, ಎಚ್‌ಡಿಎಂಐ 1.4ರ ಜೊತೆ. ಇಎಆರ್‌ಸಿ ಬಂದದ್ದು 2017ರಲ್ಲಿ, 2.1ರ ಜೊತೆ. ನಿಮ್ಮ ಟಿವಿಯಲ್ಲಿ ಇವೆರಡೂ ಇಲ್ಲದಿದ್ದರೆ ಬೆನ್ನಲ್ಲಿ ಸಾಮಾನ್ಯವಾಗಿ ಒಂದು ಚೌಕಾಕಾರದ ಸಣ್ಣ ಬಾಗಿಲು ಇರುತ್ತೆ, ಒಳಗೆ ಕೆಂಪು ಬೆಳಕು ಕಾಣುತ್ತೆ. ಅದು ಆಪ್ಟಿಕಲ್. ತೋಷಿಬಾ ಕಂಪನಿ 1983ರಲ್ಲಿ ತಂದದ್ದು, ಅದಕ್ಕೇ ಟಾಸ್‌ಲಿಂಕ್ ಅಂತ ಹೆಸರು. ಅದರಲ್ಲಿ ಕರೆಂಟ್ ಹರಿಯಲ್ಲ, ಬೆಳಕು ಹರಿಯುತ್ತೆ. ಕೆಲವು ಟಿವಿ, ಹೋಮ್ ಥಿಯೇಟರ್‌ಗಳಲ್ಲಿ ಕಿತ್ತಳೆ ಬಣ್ಣದ ದುಂಡು ಪಿನ್ನಿನ ಜಾಗವೂ ಇರುತ್ತೆ. ಅದು ಕೊಯಾಕ್ಸಿಯಲ್, ತಾಮ್ರದ ತಂತಿ. ಇವೆರಡೂ ಅಣ್ಣತಮ್ಮಂದಿರು. ಸಾಗಿಸುವ ಸದ್ದು ಒಂದೇ.

ಈಗ ಬೆಲೆಯ ವಿಷಯ. ಅಂಗಡಿಯಲ್ಲಿ ಇನ್ನೂರು ರೂಪಾಯಿಗೂ ಆಪ್ಟಿಕಲ್ ಕೇಬಲ್ ಇದೆ, ಸಾವಿರಾರು ರೂಪಾಯಿಗೂ ಇದೆ. ದುಬಾರಿಯದಕ್ಕೆ ಚಿನ್ನದ ಲೇಪ ಬೇರೆ. ಬೆಳಕು ಹೋಗುವ ಕೇಬಲ್‌ಗೆ ಚಿನ್ನ ಯಾಕೆ ಬೇಕು, ಹೇಳಿ? ಡಿಜಿಟಲ್ ಕೇಬಲ್‌ನಲ್ಲಿ ಹೋಗುವುದು ಬರೀ ಸೊನ್ನೆ ಮತ್ತು ಒಂದು. ಅಂಚೆಯಣ್ಣ ಸೈಕಲ್‌ನಲ್ಲಿ ಬಂದರೂ ಕಾರಿನಲ್ಲಿ ಬಂದರೂ ಕಾಗದದೊಳಗಿನ ಅಕ್ಷರ ಬದಲಾಗಲ್ಲ, ಅಲ್ವಾ? ಕೇಬಲ್ ಕೆಟ್ಟಿದ್ದರೆ ಸದ್ದು ಚಟಪಟ ಅನ್ನುತ್ತೆ, ತುಂಡು ತುಂಡಾಗುತ್ತೆ, ಇಲ್ಲ ಪೂರ್ತಿ ನಿಂತೇ ಹೋಗುತ್ತೆ. ಬೇಸ್ ಕಡಿಮೆಯಾಗಲ್ಲ. ದನಿ ಮಂಕಾಗಲ್ಲ. ಹಿಂದಿನ ಸ್ಪೀಕರ್ ಮಾತ್ರ ಸುಮ್ಮನಾಗಲ್ಲ.

ಹಿಂದಿನ ಸ್ಪೀಕರ್ ಅಂದಾಗ ಮೈಸೂರಿನ ನಮ್ಮ ಚಿಕ್ಕಪ್ಪನ ಕಥೆ ಹೇಳಲೇಬೇಕು. ಚಿಕ್ಕಪ್ಪ ನಿವೃತ್ತರಾದ ಮೇಲೆ ಆಸೆಪಟ್ಟು ಐದು ಸ್ಪೀಕರ್‌ನ ಸೆಟ್ ತಂದರು. ಮುಂದೆ ಮೂರು, ಸೋಫಾ ಹಿಂದೆ ಎರಡು. ಆಪ್ಟಿಕಲ್ ಕೇಬಲ್ ಸೆಟ್ಟಿನ ಜೊತೆಗೇ ಬಂದಿತ್ತು. ಹಾಕಿದರು. ಮುಂದಿನವು ಹಾಡುತ್ತವೆ, ಹಿಂದಿನ ಎರಡು ಉಸಿರೇ ಎತ್ತಲ್ಲ. ಅಂಗಡಿಗೆ ಹೋಗಿ ಕೇಳಿದರೆ ಅಲ್ಲಿಯವನು, "ಸಾರ್, ಜೊತೆಗೆ ಕೊಡೋ ಕೇಬಲ್ಲು ವೀಕು, ಇದು ತಗೊಳ್ಳಿ" ಅಂದ. ತಗೊಂಡರು. ಏನೂ ಆಗಲಿಲ್ಲ. ಬೇರೆ ಅಂಗಡಿಯವನು ಇನ್ನೂ ದಪ್ಪದ್ದು, ನೂಲಿನ ಹೆಣಿಗೆ ಸುತ್ತಿದ್ದು, ತುದಿಗೆ ಚಿನ್ನ ಬಳಿದದ್ದು ಕೊಟ್ಟ. ಅದೂ ಆಯಿತು. ಹಿಂದಿನ ಸ್ಪೀಕರ್ ಮಾತ್ರ ಹಾಗೇ. ಅಷ್ಟು ಹೊತ್ತಿಗೆ ಚಿಕ್ಕಮ್ಮನಿಗೆ ರೇಗಿತ್ತು. "ಆ ದುಡ್ಡಲ್ಲಿ ಒಂದು ಮಿಕ್ಸಿ ಬರ್ತಿತ್ತು" ಅಂತ ದಿನಾ ಹೇಳುತ್ತಿದ್ದರಂತೆ.

ಹಬ್ಬಕ್ಕೆ ನಾನು ಅಲ್ಲಿಗೆ ಹೋದೆ. ಕಾಫಿ ಲೋಟ ಕೈಗೆ ಬರುವ ಮುಂಚೆ ಚಿಕ್ಕಪ್ಪ, "ನೋಡಪ್ಪಾ, ಇನ್ನೊಂದು ಒಳ್ಳೆ ಕೇಬಲ್ ಇದ್ರೆ ಹೇಳು, ತರ್ಸೋಣ" ಅಂದರು. ನಾನು ಕೇಬಲ್ ಮುಟ್ಟಲೇ ಇಲ್ಲ. ರಿಮೋಟ್ ಕೇಳಿದೆ. ಟಿವಿಯ ಸೆಟಿಂಗ್ ತೆಗೆದೆ, ಸೌಂಡ್‌ಗೆ ಹೋದೆ, ಡಿಜಿಟಲ್ ಔಟ್‌ಪುಟ್ ಅಂತ ಇತ್ತು. ಅಲ್ಲಿ ಪಿಸಿಎಂ ಅಂತ ಇಟ್ಟಿತ್ತು, ಅಂದರೆ ಸದ್ದನ್ನು ಒತ್ತಿ ಕಿರಿದು ಮಾಡದೆ ಕಳಿಸುವ ರೀತಿ. ಕಾರಣ ಅದೇ!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಪ್ಟಿಕಲ್ ದಾರಿ ಸಿಡಿ ಕಾಲದ್ದು. ಸಿಡಿಯಲ್ಲಿ ಎಡ, ಬಲ ಎರಡೇ ಚಾನೆಲ್, ಅಂದರೆ ಸದ್ದಿನ ಎರಡೇ ಎಳೆ. ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್, ಅಂದರೆ ಆಗ ಹೇಳಿದ ಸೊನ್ನೆ, ಒಂದುಗಳು. ಆ ದಾರಿಯ ಅಗಲವನ್ನು ಅಂಥ ಎರಡು ಚಾನೆಲ್‌ಗೆ ಲೆಕ್ಕ ಹಾಕಿ ಮಾಡಿದ್ದು. ಸಿನಿಮಾದ 5.1 ಸದ್ದಿನಲ್ಲಿ ಆರು ಚಾನೆಲ್, ಐದು ಸ್ಪೀಕರ್‌ಗೆ ಐದು, ಸಬ್‌ವೂಫರ್‌ಗೆ ಒಂದು. ಅವನ್ನು ಒತ್ತಿ ಕಿರಿದು ಮಾಡದೆ ಕಳಿಸಿದರೆ ಸೆಕೆಂಡಿಗೆ 46 ಲಕ್ಷ ಬಿಟ್ ಆಗುತ್ತೆ, ಹಿಡಿಸಲ್ಲ. ಅದಕ್ಕೇ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಅಂತ ಕಿರಿದು ಮಾಡಿ ಕಳಿಸುತ್ತಾರೆ. ಡಾಲ್ಬಿ ಡಿಜಿಟಲ್‌ನಲ್ಲಿ ಆರೂ ಚಾನೆಲ್ ಸೇರಿ ಹೆಚ್ಚೆಂದರೆ 6 ಲಕ್ಷದ 40 ಸಾವಿರ ಬಿಟ್. ಆರಾಮಾಗಿ ಹಿಡಿಸುತ್ತೆ. ಆದರೆ ಟಿವಿಯಲ್ಲಿ ಪಿಸಿಎಂ ಅಂತ ಇಟ್ಟರೆ ಟಿವಿ ಆರು ಚಾನೆಲ್ಲನ್ನು ಎರಡಕ್ಕೆ ಇಳಿಸಿ ಕಳಿಸುತ್ತೆ. ಹಿಂದಿನ ಸ್ಪೀಕರ್‌ಗೆ ಬರುವುದೇ ಏನೂ ಇಲ್ಲ. ಎಂಥ ಚಿನ್ನದ ಕೇಬಲ್ ಹಾಕಿದರೂ ಇಲ್ಲದ ಸದ್ದು ಎಲ್ಲಿಂದ ಬರಬೇಕು?

ಪಿಸಿಎಂ ಇದ್ದದ್ದನ್ನು ಡಾಲ್ಬಿ ಡಿಜಿಟಲ್ ಅಂತ ಮಾಡಿದೆ. ಕೆಲವು ಟಿವಿಯಲ್ಲಿ ಅದಕ್ಕೆ ಆಟೋ ಅಂತಲೋ ಬಿಟ್‌ಸ್ಟ್ರೀಮ್ ಅಂತಲೋ ಪಾಸ್‌ಥ್ರೂ ಅಂತಲೋ ಹೆಸರಿರುತ್ತೆ. ಆಮೇಲೆ 5.1 ಸದ್ದಿರುವ ಒಂದು ಸಿನಿಮಾ ಹಾಕಿದೆವು. ಮಳೆಯ ದೃಶ್ಯ ಬಂತು. ಸೋಫಾ ಹಿಂದೆ ಧೋ ಅಂತ ಸುರಿಯಿತು ನೋಡಿ! ಅಡುಗೆಮನೆಯಿಂದ ಚಿಕ್ಕಮ್ಮ "ಅಯ್ಯೋ, ಮೇಲೆ ಬಟ್ಟೆ ಹರವಿದ್ದೀನಿ" ಅಂತ ಮೆಟ್ಟಿಲ ಕಡೆಗೆ ಓಡಿದರು. ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ.

ನಾನು ಅಷ್ಟಕ್ಕೇ ಬಿಡಲಿಲ್ಲ. ಚಿಕ್ಕಪ್ಪನನ್ನು ಕಣ್ಣು ಮುಚ್ಚಿಸಿ ಕೂರಿಸಿ ಮೂರು ಕೇಬಲ್ಲನ್ನೂ ಒಂದಾದ ಮೇಲೊಂದು ಹಾಕಿ ಅದೇ ದೃಶ್ಯ ಕೇಳಿಸಿದೆ. ಯಾವುದು ಯಾವುದು ಅಂತ ಅವರಿಗೆ ಗೊತ್ತಾಗಲಿಲ್ಲ. ಚಿಕ್ಕಮ್ಮನಿಗೂ ಗೊತ್ತಾಗಲಿಲ್ಲ. ಈಗ ಆ ಮನೆಯಲ್ಲಿ ಇರುವುದು ಸೆಟ್ಟಿನ ಜೊತೆಗೆ ಬಂದ ಕೇಬಲ್ಲೇ. ನೀವೂ ಮನೆಯಲ್ಲಿ ಹೀಗೆ ಮಾಡಿ ನೋಡಿ. ನನ್ನ ಮಾತು ನಂಬಬೇಕಾಗಿಲ್ಲ, ನಿಮ್ಮ ಕಿವಿ ನಂಬಿ.

ಚಿಕ್ಕಪ್ಪನ ಮನೆಯಲ್ಲೇ ಜಾಸ್ತಿ ಹೊತ್ತು ಕಳೆದೆವು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಾಗಾದರೆ ಆಪ್ಟಿಕಲ್ ಇದ್ದರೆ ಸಾಕಲ್ಲ, ಎಚ್‌ಡಿಎಂಐ ಯಾಕೆ ಅಂತೀರಾ? ಸೆಟ್ ಟಾಪ್ ಬಾಕ್ಸ್, ಹಳೆಯ ಡಿವಿಡಿ, ಕ್ರಿಕೆಟ್ ಇವಕ್ಕೆಲ್ಲ ಸಾಕು. ಆದರೆ ಇಂಟರ್ನೆಟ್‌ನಲ್ಲಿ ಸಿನಿಮಾ ತೋರಿಸುವ ಆ್ಯಪ್‌ಗಳು ಕೊಡುವ ಡಾಲ್ಬಿ ಅಟ್ಮಾಸ್, ಅಂದರೆ ತಲೆಯ ಮೇಲಿಂದಲೂ ಸದ್ದು ಕೇಳಿಸುವ ರೀತಿ, ಆಪ್ಟಿಕಲ್‌ನಲ್ಲಿ ಬರಲ್ಲ. ಅದು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ ಕೂತು ಬರುತ್ತೆ, ಅದಕ್ಕೆ ಎಆರ್‌ಸಿ ಬೇಕು. ಬ್ಲೂರೇ ಡಿಸ್ಕಿನಲ್ಲಿರುವ ಡಾಲ್ಬಿ ಟ್ರೂಎಚ್‌ಡಿ ಇನ್ನೂ ಭಾರ, ಅದನ್ನು ಟಿವಿ ಮೂಲಕ ಕಳಿಸಬೇಕಾದರೆ ಇಎಆರ್‌ಸಿ ಬೇಕು, ಅದೂ ಎರಡೂ ಕಡೆ ಇರಬೇಕು. ಬ್ಲೂರೇ ಪ್ಲೇಯರನ್ನು ನೇರವಾಗಿ ಹೋಮ್ ಥಿಯೇಟರ್‌ನ ಆಂಪ್ಲಿಫೈಯರ್‌ಗೇ ಎಚ್‌ಡಿಎಂಐನಲ್ಲಿ ಸೇರಿಸಿಬಿಟ್ಟರೆ ಈ ತಲೆನೋವೇ ಇಲ್ಲ.

ಎಚ್‌ಡಿಎಂಐ ಕೇಬಲ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಹೈ ಸ್ಪೀಡ್ ಅಂತ ಇದ್ದರೆ ಎಆರ್‌ಸಿ ಸದ್ದಿಗೆ ಸಾಕು, ಇಎಆರ್‌ಸಿಗಾದರೆ ಹೈ ಸ್ಪೀಡ್ ವಿತ್ ಈಥರ್ನೆಟ್ ಅಂತ ಇರಲಿ. ಅಲ್ಟ್ರಾ ಹೈ ಸ್ಪೀಡ್ ಬೇಕಾಗುವುದು ಹೊಸ ಗೇಮ್ ಮೆಷಿನ್‌ನ ಚಿತ್ರಕ್ಕೆ. ಅದನ್ನೇ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲಿನ ಕ್ಯೂಆರ್ ಕೋಡ್ ಇರುವ ಲೇಬಲ್ ನೋಡಿ ಕೊಳ್ಳಿ.

ಆಪ್ಟಿಕಲ್ ಕೇಬಲ್‌ನ ಎರಡೂ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತೆ. ತೆಗೆದು ಹಾಕಿ. ತೆಗೆಯದೆ ಒತ್ತಿ ತುರುಕಿ ಟಿವಿಯ ಬಾಗಿಲು ಮುರಿದವರಿದ್ದಾರೆ. ಕೇಬಲ್ಲನ್ನು ಚೂಪಾಗಿ ಮಡಿಸಬೇಡಿ, ಒಳಗಿನ ಎಳೆ ಮುರಿದರೆ ಬೆಳಕು ದಾಟಲ್ಲ. ಕೊಯಾಕ್ಸಿಯಲ್ ಆದರೆ 75 ಓಮ್ ಕೇಬಲ್ ಬೇಕು. ಹಳೆಯ ಟಿವಿಯ ಹಳದಿ ಪಿನ್ನಿನ ವಿಡಿಯೋ ಕೇಬಲ್ಲೇ ಅದು, ಅಟ್ಟದ ಮೇಲಿದ್ದರೆ ತಂದು ಬಳಸಿ. ಅದನ್ನು ಹಾಕಿದಾಗ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಟಿವಿ, ಹೋಮ್ ಥಿಯೇಟರ್ ಎರಡರ ಅರ್ತಿಂಗ್ ಜಗಳ ಅದು. ಆಗ ಆಪ್ಟಿಕಲ್‌ಗೆ ಬದಲಾಯಿಸಿ. ಬೆಳಕಿನ ಕೇಬಲ್‌ನಲ್ಲಿ ಕರೆಂಟ್ ದಾಟಲ್ಲ, ಗುಂಯ್ ನಿಲ್ಲುತ್ತೆ.

ಹೊಸ ಮನೆ ಕಟ್ಟುತ್ತಿರುವವರು ಗೋಡೆಗೆ ಪ್ಲಾಸ್ಟರ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್‌ಗೆ ಹೇಳಿ ದೊಡ್ಡ ಪೈಪು ಹಾಕಿಸಿ. ಎಚ್‌ಡಿಎಂಐ ಕೇಬಲ್‌ನ ತಲೆ ದಪ್ಪ, ಸಣ್ಣ ಪೈಪಿನಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತೆ. ಒಳಗೆ ಎಳೆಯುವ ಮುಂಚೆ ಕೇಬಲ್ಲನ್ನು ನೆಲದ ಮೇಲೇ ಹಾಕಿ, ಟಿವಿ ಹಚ್ಚಿ, ಸದ್ದು ಬರುತ್ತಾ ಅಂತ ಒಂದು ಸಲ ಕೇಳಿಕೊಳ್ಳಿ. ನಮಸ್ಕಾರ.