ವಾಚು ತೋರಿಸುವ ಕ್ಯಾಲೊರಿಯನ್ನು ಎಷ್ಟು ನಂಬಬಹುದು?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರ ಕೈ ನೋಡಿದರೆ ಅರ್ಧಕ್ಕರ್ಧ ಜನ ಸ್ಮಾರ್ಟ್‌ವಾಚ್ ಕಟ್ಟಿದ್ದೀರಿ. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ನಿಮ್ಮ ವಾಚು ಕ್ಯಾಲೊರಿಯನ್ನು ಅಳೆಯುವುದಿಲ್ಲ, ಊಹಿಸುತ್ತದೆ. ಆ ಊಹೆ ಎಲ್ಲಿಂದ ಬರುತ್ತದೆ, ಎಷ್ಟು ತಪ್ಪುತ್ತದೆ, ನಮ್ಮಂಥವರ ವಿಷಯದಲ್ಲಿ ಜಾಸ್ತಿ ತಪ್ಪಲು ಏನು ಕಾರಣ, ಇದಿಷ್ಟು ಇವತ್ತಿನ ಮಾತು.

ವಾಚಿನ ಒಳಗೆ ಮುಖ್ಯವಾಗಿ ಇರುವುದು ಎರಡು ಸೆನ್ಸರ್. ಒಂದು, ಕೈ ಯಾವ ಕಡೆ ಎಷ್ಟು ಜೋರಾಗಿ ಅಲುಗಿತು ಎಂದು ಹೇಳುವ ಆಕ್ಸೆಲೆರೋಮೀಟರ್. ಇನ್ನೊಂದು, ಹಿಂಬದಿಯಲ್ಲಿ ಮಿನುಗುವ ಹಸಿರು ದೀಪ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಎದೆ ಬಡಿದಾಗಲೆಲ್ಲ ಚರ್ಮದ ಕೆಳಗಿನ ರಕ್ತ ಸ್ವಲ್ಪ ಹೆಚ್ಚುತ್ತದೆ, ಮತ್ತೆ ಇಳಿಯುತ್ತದೆ. ವಾಪಸ್ ಬರುವ ಬೆಳಕಿನ ಏರಿಳಿತ ಎಣಿಸಿದರೆ ನಾಡಿಬಡಿತ ಸಿಗುತ್ತದೆ. ಇವೆರಡರ ಜೊತೆಗೆ ನೀವು ಮೊದಲ ದಿನ ಫೋನಿನಲ್ಲಿ ತುಂಬಿದ ವಯಸ್ಸು, ತೂಕ, ಎತ್ತರ, ಗಂಡೋ ಹೆಣ್ಣೋ ಎಂಬ ವಿವರ. ಎಲ್ಲವನ್ನೂ ಒಂದು ಸೂತ್ರದೊಳಗೆ ಹಾಕಿದರೆ ಕ್ಯಾಲೊರಿ ಹೊರಗೆ ಬೀಳುತ್ತದೆ. ಆ ಸೂತ್ರವನ್ನು ಕಂಪನಿಗಳು ಪೂರ್ತಿ ಬಿಚ್ಚಿ ತೋರಿಸುವುದಿಲ್ಲ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸಿ, ಅವರ ಮನೆಯಲ್ಲಿ ಇವತ್ತು ಎಷ್ಟು ಅಕ್ಕಿ ಬೆಂದಿತು ಎಂದು ಹೇಳಿದ ಹಾಗೆ ಇದು.

ಹಾಗಾದರೆ ನಿಜವಾಗಿ ಅಳೆಯುವುದು ಹೇಗೆ? ನನಗೆ ಈ ಕಥೆ ತುಂಬ ಇಷ್ಟ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. 1782ರ ಚಳಿಗಾಲದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿ ಪಿಗ್ಗನ್ನು ಸುತ್ತ ಐಸ್ ತುಂಬಿದ ಪಾತ್ರೆಯೊಳಗೆ ಕೂರಿಸಿದರು. ಕರಗಿದ ನೀರನ್ನು ತೂಗಿ, ಅದರ ಮೈಯಿಂದ ಎಷ್ಟು ಶಾಖ ಬಂತು ಎಂದು ಲೆಕ್ಕ ಹಾಕಿದರು. ಅದು ಬಿಟ್ಟ ಉಸಿರನ್ನೂ ಅಳೆದು ಎರಡನ್ನೂ ಹೋಲಿಸಿದರು. ಉಸಿರಾಟ ಅಂದರೆ ಒಂದು ಬಗೆಯ ನಿಧಾನವಾದ ಉರಿಯುವಿಕೆ ಎಂಬ ತೀರ್ಮಾನಕ್ಕೆ ಬಂದರು. ಸುಮಾರು ನೂರು ವರ್ಷದ ಮೇಲೆ, 1890ರ ದಶಕದಲ್ಲಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಎಂಬುವರು ಮನುಷ್ಯರೇ ದಿನಗಟ್ಟಲೆ ಇರಬಹುದಾದ ಒಂದು ಕೋಣೆ ಕಟ್ಟಿಸಿದರು. ಒಳಗೆ ಮಂಚ, ಮೇಜು, ಕುರ್ಚಿ. ಒಳಗಿದ್ದವರ ಮೈಯ ಶಾಖ, ಉಸಿರು, ಮಲಮೂತ್ರ ಎಲ್ಲದಕ್ಕೂ ಲೆಕ್ಕ. ಇವತ್ತಿಗೂ ಮೆಟಬಾಲಿಕ್ ಚೇಂಬರ್ ಎಂದು ಕರೆಯುವುದು ಇಂಥ ಕೋಣೆಯನ್ನೇ. ಈಗ ಶಾಖಕ್ಕಿಂತ ಆಕ್ಸಿಜನ್ ಮತ್ತು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ರೂಢಿ.

ಆದರೆ ಕೋಣೆಯಲ್ಲಿ ಕೂತವರು ಬಸ್ಸು ಹಿಡಿಯಲು ಓಡುವುದಿಲ್ಲ, ಮಾರ್ಕೆಟ್ಟಿಗೆ ಹೋಗುವುದಿಲ್ಲ. ನಿತ್ಯದ ಬದುಕಿನಲ್ಲಿ ಅಳೆಯಲು ಇನ್ನೊಂದು ದಾರಿ ಬೇಕಿತ್ತು. ಅದನ್ನು ಕೊಟ್ಟವರು ಮಿನೆಸೋಟ ವಿಶ್ವವಿದ್ಯಾಲಯದ ನೇಥನ್ ಲಿಫ್ಸನ್. ಒಂದು ಲೋಟ ನೀರು ಕುಡಿಸುತ್ತಾರೆ, ಅಷ್ಟೇ. ಆದರೆ ಆ ನೀರಿನಲ್ಲಿ ಹೈಡ್ರೋಜನ್ನೂ ಆಕ್ಸಿಜನ್ನೂ ಸ್ವಲ್ಪ ಭಾರದ ಜಾತಿಯವು, ಗುರುತು ಹಿಡಿಯಲು ಬರುವಂಥವು. ಹೈಡ್ರೋಜನ್ ಮೈಯಿಂದ ಹೊರಗೆ ಹೋಗುವುದು ನೀರಿನ ರೂಪದಲ್ಲಿ ಮಾತ್ರ: ಮೂತ್ರ, ಬೆವರು, ಉಸಿರಿನ ತೇವ. ಆಕ್ಸಿಜನ್ ನೀರಾಗಿಯೂ ಹೋಗುತ್ತದೆ, ಕಾರ್ಬನ್ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಒಂದೆರಡು ವಾರ ಮೂತ್ರ ಪರೀಕ್ಷಿಸಿ, ಯಾವುದು ಎಷ್ಟು ಬೇಗ ಕಡಿಮೆಯಾಯಿತು ನೋಡುತ್ತಾರೆ. ಎರಡರ ನಡುವಿನ ವ್ಯತ್ಯಾಸವೇ ನೀವು ಬಿಟ್ಟ ಕಾರ್ಬನ್ ಡೈಆಕ್ಸೈಡ್. ಅದು ಗೊತ್ತಾದರೆ ಎಷ್ಟು ಉರಿಸಿದಿರಿ ಎಂಬುದೂ ಗೊತ್ತಾದಂತೆ. ಎಂಥ ಜಾಣತನ, ಅಲ್ವಾ? ಲಿಫ್ಸನ್ ಇದನ್ನು ಮೊದಲು ಮಾಡಿದ್ದು ಇಲಿಗಳಂಥ ಸಣ್ಣ ಪ್ರಾಣಿಗಳ ಮೇಲೆ, ಏಕೆಂದರೆ ಆ ನೀರು ಬಲು ದುಬಾರಿ. ಮನುಷ್ಯರ ಮೇಲೆ ಬಳಸಿದ ಫಲಿತಾಂಶ ಪ್ರಕಟವಾಗಿದ್ದು 1982ರಲ್ಲಿ, ಡೇಲ್ ಶೋಲರ್ ಅವರಿಂದ.

ವಾಚುಗಳನ್ನು ಈ ತಕ್ಕಡಿಗಳಲ್ಲಿ ಇಟ್ಟಾಗ ಏನಾಯಿತು? ಎರಡು ಅಧ್ಯಯನ ಹೇಳುತ್ತೇನೆ.

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಕೈಗೆ ಏಳು ಬಗೆಯ ಟ್ರ್ಯಾಕರ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು. ಜೊತೆಗೇ ಉಸಿರಿನ ಅಳತೆ. ಆಪಲ್ ವಾಚ್, ಫಿಟ್‌ಬಿಟ್ ಸರ್ಜ್, ಸ್ಯಾಮ್‌ಸಂಗ್ ಗೇರ್ ಎಸ್2, ಮೈಕ್ರೋಸಾಫ್ಟ್ ಬ್ಯಾಂಡ್ ಎಲ್ಲ ಅದರಲ್ಲಿದ್ದವು. ನಾಡಿಬಡಿತದಲ್ಲಿ ಏಳರಲ್ಲಿ ಆರು ಪಾಸು, ತಪ್ಪು ಶೇ. 5ರ ಒಳಗೆ. ಕ್ಯಾಲೊರಿಯಲ್ಲಿ ಒಂದೂ ಪಾಸಾಗಲಿಲ್ಲ. ಇದ್ದುದರಲ್ಲಿ ಚೆನ್ನಾಗಿದ್ದುದು ಸರಾಸರಿ ಶೇ. 27ರಷ್ಟು ತಪ್ಪಿತು. ಕೊನೆಯದು ಶೇ. 93. ಚರ್ಮದ ಬಣ್ಣ ಗಾಢವಾದಷ್ಟೂ, ಮೈ ದಪ್ಪವಾದಷ್ಟೂ ಸಾಧನಗಳ ತಪ್ಪು ಹೆಚ್ಚಿತ್ತು ಎಂಬುದನ್ನೂ ಅವರು ಗಮನಿಸಿದರು.

ಇದಕ್ಕೂ ಒಂದು ವರ್ಷ ಮೊದಲು ಜಪಾನಿನ ಸಂಶೋಧಕರು 12 ಟ್ರ್ಯಾಕರ್‌ಗಳನ್ನು 19 ಜನರ ಮೇಲೆ ಪರೀಕ್ಷೆ ಮಾಡಿದ್ದರು. ಒಂದು ದಿನ ಕೋಣೆಯಲ್ಲಿ, ಆಮೇಲೆ 15 ದಿನ ಮಾಮೂಲಿ ಬದುಕಿನಲ್ಲಿ, ನಾನು ಹೇಳಿದ ಆ ವಿಶೇಷ ನೀರು ಕುಡಿಸಿ. ಮಾಮೂಲಿ ಬದುಕಿನಲ್ಲಿ ಎಲ್ಲ ಸಾಧನಗಳೂ ಕಡಿಮೆಯನ್ನೇ ತೋರಿಸಿದವು. ದಿನಕ್ಕೆ ಸುಮಾರು 70 ಕ್ಯಾಲೊರಿಯಿಂದ ಹಿಡಿದು 590ರವರೆಗೆ ಕಡಿಮೆ. ಸ್ನಾನಕ್ಕೆ ಹೋಗುವಾಗ, ಚಾರ್ಜಿಗೆ ಹಾಕುವಾಗ ಬಿಚ್ಚಿಡುತ್ತೇವಲ್ಲ, ಆ ಹೊತ್ತಿನ ಓಡಾಟವೂ ಲೆಕ್ಕ ತಪ್ಪುತ್ತದೆ. ನಾವು ಕ್ಯಾಲೊರಿ ಅನ್ನುವುದೆಲ್ಲ ನಿಜಕ್ಕೂ ಕಿಲೋಕ್ಯಾಲೊರಿ. ಎಲ್ಲರೂ ಹಾಗೇ ಅನ್ನುವುದರಿಂದ ನಾನೂ ಹಾಗೇ ಹೇಳುತ್ತೇನೆ.

ಇವು ಹಳೆಯ ಮಾಡೆಲ್‌ಗಳು, ಈಗಿನವು ಹಾಗಿಲ್ಲ ಎಂದು ನೀವು ಹೇಳಬಹುದು. ಸೆನ್ಸರ್ ಸುಧಾರಿಸಿದೆ, ಒಪ್ಪುತ್ತೇನೆ. ಆದರೆ ತೊಂದರೆ ಸೆನ್ಸರ್‌ನದ್ದಲ್ಲ. ನಾಡಿಬಡಿತ ನೂರಕ್ಕೆ ನೂರು ಸರಿಯಾಗಿ ಸಿಕ್ಕರೂ ಅದರಿಂದ ಕ್ಯಾಲೊರಿಗೆ ಹಾರುವ ಜಾಗದಲ್ಲಿ ಹಳ್ಳ ಇದ್ದೇ ಇದೆ. ಬಿರುಸಾಗಿ ನಡೆಯುವಾಗ, ಓಡುವಾಗ ಬಡಿತಕ್ಕೂ ಮೈ ಬಳಸುವ ಆಕ್ಸಿಜನ್‌ಗೂ ಒಳ್ಳೆಯ ನಂಟಿದೆ. ಸುಮ್ನೆ ಕೂತಾಗ ಆ ನಂಟು ಸಡಿಲ. ಕಾಫಿ ಕುಡಿದರೆ ಎದೆ ಜೋರಾಗಿ ಬಡಿಯಬಹುದು. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಲ್ಲಿ ನಿಂತರೆ ಮೈ ತಣಿಸಲೆಂದೇ ಎದೆ ಜಾಸ್ತಿ ದುಡಿಯುತ್ತದೆ. ಕ್ರಿಕೆಟ್ಟಿನ ಕೊನೆಯ ಓವರ್ ನೋಡುತ್ತಾ ಸೋಫಾ ಮೇಲೆ ಕೂತವರ ಬಡಿತ ನೂರು ದಾಟಬಹುದು. ಇದರಲ್ಲಿ ಯಾವುದೂ ವ್ಯಾಯಾಮ ಅಲ್ಲ. ಇನ್ನು ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರು ಇಲ್ಲಿ ಇರಬಹುದು. ಆ ಮಾತ್ರೆ ಬಡಿತವನ್ನು ಏರಲು ಬಿಡುವುದಿಲ್ಲ. ನೀವು ಬೆವರಿಳಿಸಿ ನಡೆದರೂ ವಾಚು ಸೋಮಾರಿ ಅಂದುಕೊಳ್ಳುತ್ತದೆ.

ಕೈಯ ಅಲುಗಾಟದ ಕಥೆಯೂ ಹೀಗೇ. ಕೂತು ಜೋಳದ ರೊಟ್ಟಿ ತಟ್ಟಿದರೆ ವಾಚಿಗೆ ಹೆಜ್ಜೆ ಸಿಕ್ಕಬಹುದು. ಸೂಪರ್ ಮಾರ್ಕೆಟ್ಟಿನಲ್ಲಿ ಟ್ರಾಲಿ ಹಿಡಿದು ನಡೆದರೆ ಕೈ ಅಲುಗುವುದೇ ಇಲ್ಲ, ಹೆಜ್ಜೆ ಮಾಯ. ಸೈಕಲ್ ತುಳಿಯುವಾಗ ಕಾಲು ದುಡಿಯುತ್ತದೆ, ಕೈ ಹ್ಯಾಂಡಲ್ ಮೇಲೆ ಸುಮ್ಮನಿರುತ್ತದೆ. ಬೆನ್ನ ಮೇಲೆ ಗೋಣಿಚೀಲ ಹೊತ್ತವರ ಮಣಿಕಟ್ಟಿಗೆ ಆ ಭಾರ ಕಾಣುವುದಿಲ್ಲ.

ಇಷ್ಟಾದರೂ ದಿನದ ಒಟ್ಟು ಸಂಖ್ಯೆ ಎಷ್ಟೋ ಸಲ ನಂಬುವಂತೆ ಕಾಣುತ್ತದಲ್ಲ, ಯಾಕೆ? ನನಗೆ ಮುಖ್ಯ ಅನ್ನಿಸುವುದು ಇದು. ಬೆಳಿಗ್ಗೆ ಎದ್ದ ಕೂಡಲೇ ನೋಡಿದರೆ ಕೆಲವು ವಾಚುಗಳು ಆಗಲೇ ಮುನ್ನೂರು ಚಿಲ್ಲರೆ ಕ್ಯಾಲೊರಿ ತೋರಿಸುತ್ತವೆ. ಮಲಗಿದ್ದಾಗಲೂ ಎದೆ, ಮೆದುಳು, ಪಿತ್ತಜನಕಾಂಗ ಕೆಲಸ ಮಾಡುತ್ತವೆ, ಅದರ ಖರ್ಚು. ಇದಕ್ಕೆ ಬಿಎಂಆರ್ ಎನ್ನುತ್ತಾರೆ. ಜಾಸ್ತಿ ಕೂತೇ ಕೆಲಸ ಮಾಡುವವರಲ್ಲಿ ದಿನದ ಖರ್ಚಿನ ಶೇ. 60ರಿಂದ 70 ಇದೇ. ಇದನ್ನು ಲೆಕ್ಕ ಹಾಕಲು ವಾಚೇ ಬೇಕಿಲ್ಲ, ಕಾಗದ ಪೆನ್ನು ಸಾಕು. 1990ರ ಮಿಫ್ಲಿನ್ ಸೂತ್ರ ನೋಡಿ. ತೂಕವನ್ನು 10ರಿಂದ ಗುಣಿಸಿ. ಎತ್ತರದ ಸೆಂಟಿಮೀಟರನ್ನು 6.25ರಿಂದ ಗುಣಿಸಿ ಕೂಡಿಸಿ. ವಯಸ್ಸಿನ ಐದು ಪಟ್ಟು ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ, ಗಂಡಸರಾದರೆ 5 ಸೇರಿಸಿ. 60 ಕಿಲೋ, 155 ಸೆಂಟಿಮೀಟರ್, 45 ವರ್ಷದ ಹೆಂಗಸಿಗೆ 1,183 ಕ್ಯಾಲೊರಿ ಬರುತ್ತದೆ.

ಅವರ ದಿನದ ಒಟ್ಟು ಖರ್ಚು 1,800 ಎಂದಿಟ್ಟುಕೊಳ್ಳಿ. ಅದರಲ್ಲಿ ವಾಕಿಂಗಿನ ಪಾಲು 250. ವಾಚು ಈ ವಾಕಿಂಗನ್ನು ಶೇ. 40ರಷ್ಟು ತಪ್ಪಾಗಿ ಹೇಳಿತು ಅನ್ನೋಣ. ಅಂದರೆ 100 ಕ್ಯಾಲೊರಿ ತಪ್ಪು. ಒಟ್ಟು ಲೆಕ್ಕದಲ್ಲಿ ನೋಡಿದರೆ ಶೇ. 5 ಚಿಲ್ಲರೆ, ಪರವಾಗಿಲ್ಲ ಅನ್ನಿಸುತ್ತದೆ. ನೀವು ದುಡ್ಡು ಕೊಟ್ಟಿದ್ದು ವ್ಯಾಯಾಮದ ಲೆಕ್ಕಕ್ಕೆ, ತಪ್ಪು ಅಡಗಿರುವುದೂ ಅಲ್ಲೇ. ಜೊತೆಗೆ ಇನ್ನೊಂದು ಚಿಕ್ಕ ಮೋಸವಿದೆ. ಬಿರುಸು ನಡಿಗೆಯಲ್ಲಿ ಗಂಟೆಗೆ ಕಿಲೋ ತೂಕಕ್ಕೆ ಸುಮಾರು 4 ಕ್ಯಾಲೊರಿ ಖರ್ಚು. 60 ಕಿಲೋ ಇದ್ದರೆ 240. ಆದರೆ ಆ ಒಂದು ಗಂಟೆ ಮನೆಯಲ್ಲಿ ಕೂತಿದ್ದರೂ 60ರಷ್ಟು ಖರ್ಚಾಗುತ್ತಿತ್ತು. ನಡೆದದ್ದಕ್ಕೇ ಅಂತ ಸಿಕ್ಕಿದ್ದು 180.

ಈಗ ನಮ್ಮ ಕಡೆಗೆ ಬರೋಣ. ಬಿಎಂಆರ್ ಸೂತ್ರಗಳು ಯಾರ ಮೈ ನೋಡಿ ಮಾಡಿದವು? ಮಿಫ್ಲಿನ್ ಸೂತ್ರ ಅಮೆರಿಕದವರ ಅಳತೆಯಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಒಪ್ಪಿಕೊಂಡ ಸ್ಕೋಫೀಲ್ಡ್ ಸೂತ್ರದ ಹಿಂದೆ ಏಳು ಸಾವಿರಕ್ಕೂ ಹೆಚ್ಚು ಅಳತೆಗಳಿದ್ದವು. ಅದರಲ್ಲಿ ಅರ್ಧದ ಹತ್ತಿರ ಇಟಲಿಯವರದ್ದು. ಅವರ ಬಿಎಂಆರ್ ಬೇರೆಯವರಿಗಿಂತ ಹೆಚ್ಚಿತ್ತು ಎಂದು ಆಮೇಲೆ ಗೊತ್ತಾಯಿತು. ಇದೇ ಸೂತ್ರ ನಮ್ಮವರಿಗೆ ಹೊಂದುತ್ತದೆಯೇ ಎಂದು ಮೈ ಅಳೆದು ನೋಡಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶೆಟ್ಟಿ, ಸೋರೆಸ್ ಮತ್ತು ಅವರ ಸಂಗಡಿಗರು ಇದ್ದರು. ಸೂತ್ರ ಭಾರತೀಯರಿಗೆ ಜಾಸ್ತಿಯೇ ಹೇಳುತ್ತಿತ್ತು. ನಮ್ಮ ದೇಶದ ಆಹಾರ ಶಿಫಾರಸುಗಳಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಬಿಎಂಆರ್ ಲೆಕ್ಕದಿಂದ ಶೇ. 5 ಕಡಿಮೆ ಮಾಡಿಕೊಂಡದ್ದು ಈ ಥರದ ಅಳತೆಗಳಿಂದಲೇ.

ಕಾರಣದ ಒಂದು ಭಾಗ ಮೈಯ ಕಟ್ಟು. 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯಡ್ಕಿನ್ ಪಕ್ಕ ಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ಆದರೆ ಮೈಯಲ್ಲಿನ ಕೊಬ್ಬು ಯಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಎತ್ತರ, ತೂಕ ಮಾತ್ರ ನೋಡುವ ವಾಚಿಗೆ ಈ ವ್ಯತ್ಯಾಸ ಎಲ್ಲಿಂದ ಗೊತ್ತಾಗಬೇಕು? ವಿಶ್ರಾಂತಿಯಲ್ಲೂ ಸ್ನಾಯು ಕೊಬ್ಬಿಗಿಂತ ಸುಮಾರು ಮೂರು ಪಟ್ಟು ಉರಿಸುತ್ತದೆ.

ಅಡುಗೆಮನೆಯ ಕಡೆಯ ಲೆಕ್ಕವನ್ನೂ ನೋಡಿ. ಒಂದು ದೊಡ್ಡ ಚಮಚ ತುಪ್ಪ ಅಂದರೆ ಸುಮಾರು 15 ಗ್ರಾಂ. ಅದರಲ್ಲಿ 130 ಕ್ಯಾಲೊರಿ. ಆಗ ಹೇಳಿದೆನಲ್ಲ, ವಾಕಿಂಗಿನ ಲೆಕ್ಕದಲ್ಲಿ 100 ತಪ್ಪು ಎಂದು. ಒಂದು ಚಮಚಕ್ಕಿಂತ ಕಡಿಮೆ! ಹೀಗಿರುವಾಗ ವಾಚು 300 ತೋರಿಸಿತು ಎಂದು ಖುಷಿಯಾಗಿ ಮಸಾಲೆ ದೋಸೆ ತಿನ್ನುವುದು ಯಾವ ಲೆಕ್ಕ? ತಿನ್ನಬೇಡಿ ಅನ್ನುತ್ತಿಲ್ಲ. ತಿನ್ನಿ, ವಾಚಿನ ಹೆಸರು ಹೇಳಬೇಡಿ.

ಟ್ರ್ಯಾಕರ್ ಕಟ್ಟಿದರೆ ತೂಕ ಇಳಿಯುತ್ತದೆಯೇ ಎಂಬುದನ್ನೂ ಪರೀಕ್ಷೆ ಮಾಡಿದ್ದಾರೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 471 ಯುವಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ವರದಿ ಕೊಟ್ಟರು. ಎಲ್ಲರಿಗೂ ಆಹಾರ, ವ್ಯಾಯಾಮದ ಸಲಹೆ ಇತ್ತು. ಅರ್ಧ ಜನರಿಗೆ ತೋಳಿಗೆ ಕಟ್ಟುವ ಟ್ರ್ಯಾಕರ್ ಕೊಟ್ಟರು. ಟ್ರ್ಯಾಕರ್ ಇದ್ದವರು ಇಳಿಸಿದ್ದು ಸರಾಸರಿ 3.5 ಕಿಲೋ, ಇಲ್ಲದವರು 5.9 ಕಿಲೋ. ಒಂದೇ ಅಧ್ಯಯನ, ಆ ಸಾಧನವೂ ಹಳೆಯದು, ಹಾಗಾಗಿ ಇದನ್ನೇ ಹಿಡಿದು ವಾಚು ಎಸೆಯಿರಿ ಎಂದು ನಾನು ಹೇಳುವುದಿಲ್ಲ.

ಲೆಕ್ಕ ಇನ್ನೂ ಒಂದು ಕಡೆ ಗೋಜಲಾಗುತ್ತದೆ. ಹರ್ಮನ್ ಪಾಂಟ್ಜರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಟಾಂಜಾನಿಯಾದ ಹಾಡ್ಜಾ ಜನರನ್ನು ಅಳೆದು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವಿಶೇಷ ನೀರಿನಿಂದ. ಹಾಡ್ಜಾ ಜನ ಬೇಟೆಗೆ, ಗೆಡ್ಡೆ ಅಗೆಯಲು ದಿನವೂ ಮೈಲುಗಟ್ಟಲೆ ನಡೆಯುತ್ತಾರೆ. ಮೈಯ ಗಾತ್ರ ಲೆಕ್ಕಕ್ಕೆ ತಗೊಂಡರೆ, ಅವರ ದಿನದ ಖರ್ಚು ಕುರ್ಚಿ ಮೇಲೆ ಕೂರುವ ಅಮೆರಿಕದವರಷ್ಟೇ ಇತ್ತು. ಒಂದು ಕಡೆ ಜಾಸ್ತಿ ಖರ್ಚಾದರೆ ಮೈ ಇನ್ನೊಂದು ಕಡೆ ಉಳಿಸಿಕೊಳ್ಳುತ್ತದೆ ಎನ್ನುವುದು ಪಾಂಟ್ಜರ್ ಅವರ ವಾದ. ಎಷ್ಟು ಉಳಿಸುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ವಾಚಿನ ಕೂಡುವ ಲೆಕ್ಕಕ್ಕೆ ಇದು ನೇರ ಪೆಟ್ಟು. ಇದರ ಬಳಿಕ ಅವರೂ ಇತರರೂ ಸೇರಿ 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ ಅಳತೆ ಒಟ್ಟುಮಾಡಿ 2021ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ 20ರಿಂದ 60 ವರ್ಷದವರೆಗೆ ಮೈಯ ಖರ್ಚು, ಗಾತ್ರಕ್ಕೆ ಹೊಂದಿಸಿ ನೋಡಿದರೆ, ಹೆಚ್ಚುಕಡಿಮೆ ಒಂದೇ. ನಲವತ್ತಾಯಿತು, ಮೆಟಬಾಲಿಸಂ ನಿಧಾನವಾಯಿತು ಎಂಬ ನಮ್ಮ ಅಚ್ಚುಮೆಚ್ಚಿನ ನೆಪವೂ ಹೋಯಿತು.

ನಾನು ವಾಚು ಬಿಟ್ಟಿಲ್ಲ, ನೋಡಿ, ಕಟ್ಟಿಕೊಂಡೇ ಬಂದಿದ್ದೇನೆ. ನಾಡಿಬಡಿತ ನೋಡುತ್ತೇನೆ, ಹೆಜ್ಜೆ ನೋಡುತ್ತೇನೆ. ಕ್ಯಾಲೊರಿಯನ್ನು ನನ್ನ ಹೋದ ವಾರದ ಜೊತೆ ಮಾತ್ರ ಹೋಲಿಸುತ್ತೇನೆ. ಒಂದೇ ವಾಚು, ಒಂದೇ ಕೈ, ಒಂದೇ ಬಗೆಯ ನಡಿಗೆ ಆದರೆ ಅದರ ತಪ್ಪು ಬಹುಮಟ್ಟಿಗೆ ಒಂದೇ ಕಡೆಗೆ ಇರುತ್ತದೆ, ಹಾಗಾಗಿ ಏರಿತೋ ಇಳಿಯಿತೋ ತಿಳಿಯುತ್ತದೆ. ಗಂಡ ಹೆಂಡತಿ ಬೇರೆ ಬೇರೆ ಕಂಪನಿಯ ವಾಚು ಕಟ್ಟಿಕೊಂಡು ಯಾರು ಜಾಸ್ತಿ ಉರಿಸಿದ್ದು ಎಂದು ಜಗಳ ಆಡಬೇಡಿ. ನಿಜವಾದ ಖರ್ಚು ತಿಳಿಯಬೇಕು ಎಂಬ ಹಟ ಇದ್ದರೆ, ಒಂದು ತಿಂಗಳು ತಿಂದದ್ದನ್ನು ಬರೆದಿಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ, ವಾರದ ಸರಾಸರಿ ತೆಗೆಯಿರಿ. ತೂಕ ಅಲ್ಲೇ ನಿಂತಿದ್ದರೆ ತಿಂದದ್ದೇ ಖರ್ಚು. ಬರೆಯುವಾಗ ಎಣ್ಣೆ, ತುಪ್ಪ ಬಿಟ್ಟುಹೋಗುತ್ತದೆ, ಆ ಕಡೆ ಗಮನ ಇರಲಿ.

ಇನ್ನೊಂದು ಎರಡು ನಿಮಿಷದ ಕೆಲಸ. ವಾಚು ತಂದ ದಿನ ಫೋನಿನಲ್ಲಿ ಹಾಕಿದ ತೂಕವೇ ಇನ್ನೂ ಇದೆಯಾ ನೋಡಿ. ಆಮೇಲೆ ಐದಾರು ಕಿಲೋ ಹೆಚ್ಚು ಕಡಿಮೆ ಆಗಿದ್ದರೆ ಪೂರ್ತಿ ಲೆಕ್ಕ ಹಳೆಯ ಮೈಯದ್ದು. ಈಗಲೇ ಬದಲಾಯಿಸಿಕೊಳ್ಳಿ, ಅಷ್ಟರಲ್ಲಿ ನಾನು ನೀರು ಕುಡಿಯುತ್ತೇನೆ. ಆಮೇಲೆ ಪ್ರಶ್ನೆ ಕೇಳಿ. ಯಾವ ಕಂಪನಿಯ ವಾಚು ತಗೊಳ್ಳಬೇಕು ಎನ್ನುವುದೊಂದನ್ನು ಬಿಟ್ಟು.