ಚೀಲದ ರೇಟಾ, ಕ್ವಿಂಟಲ್ ರೇಟಾ?

ಕೇಳುಗರೇ, ನಮಸ್ಕಾರ. ನಾನು ಗಂಗಾವತಿಯವಳು. ಮೆಡಿಕಲ್ ಕೋಡಿಂಗ್ ಮಾಡುತ್ತೇನೆ. ಮೂರು ವರ್ಷ ಬೆಂಗಳೂರಲ್ಲಿ ಇದ್ದೆ, ಈಗ ಮನೆಯಿಂದಲೇ ಕೆಲಸ. ಸಣ್ಣ ರೂಮು, ಬಾಗಿಲು ಯಾವಾಗಲೂ ಹಾಕಿರುತ್ತದೆ. ಯಾಕಂದ್ರೆ ರೋಗಿಯ ಕಾಗದ ಇನ್ನೊಬ್ಬರ ಕಣ್ಣಿಗೆ ಬೀಳಬಾರದು, ದೊಡ್ಡಪ್ಪ ಚಹಾ ಹಿಡಿದು ಬಂದರೂ ಸ್ಕ್ರೀನ್ ಲಾಕ್ ಮಾಡಲೇಬೇಕು. "ನಮಗೂ ತೋರಿಸಬಾರದಂಥದ್ದು ಏನ್ ಮಾಡ್ತೀ ಯವ್ವಾ?" ಅಂತ ಅವರು ದಿನಾ ಕೇಳುತ್ತಾರೆ. ಅವರು ಭತ್ತದ ವ್ಯಾಪಾರ ಮಾಡಿದವರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅಮೆರಿಕದಲ್ಲಿ ಡಾಕ್ಟರ್ ಏನು ಮಾಡಿದರು, ಯಾಕೆ ಮಾಡಿದರು ಅನ್ನೋದೆಲ್ಲ ನಂಬರ್ ಆಗಿ ಇನ್ಶೂರೆನ್ಸ್ ಕಂಪನಿಗೆ ಹೋಗಬೇಕು. ರಿಪೋರ್ಟ್ ಓದಿ ಆ ನಂಬರ್ ಹಾಕುವವರು ನಾವು. ನನ್ನ ಪಾಲಿಗೆ ಬರೋದು ಹೆಚ್ಚಾಗಿ ಹೃದಯದ ಪರ್ಫ್ಯೂಷನ್ ಸ್ಕ್ಯಾನ್, ಅಂದರೆ ಹೃದಯದ ಮಾಂಸಕ್ಕೆ ರಕ್ತ ಸರಿಯಾಗಿ ಹೋಗ್ತಿದೆಯಾ ಅಂತ ನೋಡೋದು. ಸುಮ್ನೆ ಮಲಗಿದ್ದಾಗ ಒಂದು ಸಲ ಟೆಕ್ನೀಷಿಯಂ ಅನ್ನೋ ವಿಕಿರಣದ ಔಷಧಿ ಚುಚ್ಚಿ ಫೋಟೊ ತೆಗೀತಾರೆ. ಆಮೇಲೆ ಟ್ರೆಡ್‌ಮಿಲ್ ಮೇಲೆ ಓಡಿಸಿ, ಎದೆ ಡವಡವ ಅನ್ನುವಾಗ ಮತ್ತೆ ಚುಚ್ಚಿ ಮತ್ತೆ ಫೋಟೊ. ಮೊದಲನೆಯದರಲ್ಲಿ ಚೆನ್ನಾಗಿ ಬೆಳಗಿದ ಜಾಗ ಎರಡನೆಯದರಲ್ಲಿ ಮಂಕಾಗಿದ್ದರೆ, ಆ ಕಡೆಯ ರಕ್ತನಾಳದ ಮೇಲೆ ಅನುಮಾನ.

ಹೀಗೆ ಎರಡೂ ಮಾಡಿದರೆ ಕೋಡ್ 78452. ಒಂದೇ ಮಾಡಿದರೆ 78451. ಹೃದಯದ ಗೋಡೆ ಹೇಗೆ ಆಡುತ್ತಿದೆ, ಒಂದು ಬಡಿತಕ್ಕೆ ಎಷ್ಟು ಪರ್ಸೆಂಟ್ ರಕ್ತ ಹೊರಗೆ ಹಾಕುತ್ತಿದೆ ಅನ್ನುವ ಲೆಕ್ಕಕ್ಕೆ ಮೊದಲು ಬೇರೆ ಕೋಡ್ ಇದ್ದವು. 2010ರಲ್ಲಿ ಅದನ್ನೆಲ್ಲ ಇದರೊಳಗೇ ಸೇರಿಸಿದರು. ಟ್ರೆಡ್‌ಮಿಲ್ ಪರೀಕ್ಷೆ ಮಾತ್ರ ಬೇರೆ. ಕ್ಲಿನಿಕ್ಕಿನವರೇ ಪೂರ್ತಿ ಮಾಡಿದರೆ 93015. ಯಂತ್ರ ಆಸ್ಪತ್ರೆಯದಾಗಿ, ಡಾಕ್ಟರ್ ಬರೀ ಫೋಟೊ ನೋಡಿ ರಿಪೋರ್ಟ್ ಬರೆದಿದ್ದರೆ, ಅವರ ಬಿಲ್ಲಲ್ಲಿ 78452ರ ಪಕ್ಕ 26 ಅಂತ ಹಾಕಬೇಕು. ಮಾಡಿದ್ದು ಅರ್ಧ ಕೆಲಸ, ದುಡ್ಡೂ ಅಷ್ಟಕ್ಕೇ ಅಂತ ಅರ್ಥ.

ಇಲ್ಲಿವರೆಗೆ ಸಲೀಸು. ನಾನು ಎಡವಿದ್ದು ಔಷಧಿಯಲ್ಲಿ.

ಮೊಣಕಾಲು ನೋವಿನವರು ಓಡೋಕೆ ಆಗಲ್ಲ ಅಲ್ವಾ? ಅವರಿಗೆ ರೆಗಾಡೆನೋಸಾನ್ ಅಂತ ಒಂದು ಇಂಜೆಕ್ಷನ್ ಕೊಟ್ಟು ಹೃದಯದ ರಕ್ತನಾಳ ಅಗಲ ಮಾಡುತ್ತಾರೆ. ಒಂದು ಸಲಕ್ಕೆ ಕೊಡೋದು 0.4 ಮಿಲಿಗ್ರಾಂ. ಕೋಡ್ ಜೆ 2785. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದೇ ಇಂಜೆಕ್ಷನ್ ತಾನೇ ಅಂತ ಯೂನಿಟ್ ಕಾಲಂನಲ್ಲಿ 1 ಹೊಡೀತಾ ಹೋದೆ. ಎರಡು ವಾರ ಹಾಗೇ ನಡೀತು. ಆಡಿಟ್ ಮಾಡುವವರು ಕರೆದು ಕೋಡಿನ ಮುಂದಿರುವ ವಿವರಣೆಯನ್ನು ಜೋರಾಗಿ ಓದಿ ಅಂದರು. ಓದಿದೆ. ರೆಗಾಡೆನೋಸಾನ್, 0.1 ಮಿಲಿಗ್ರಾಂ. ಅಂದರೆ 0.4ಕ್ಕೆ ನಾಲ್ಕು ಯೂನಿಟ್! ನಾನು ಕೇಳಿದ್ದು ಕಾಲು ಭಾಗದ ದುಡ್ಡು. ನನ್ನ ಬಾಯಿ ಒಣಗಿತ್ತು.

ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. "ಹುಚ್ಚವ್ವಾ, ಮಂಡಿಯಾಗ ರೇಟು ಕೂಗಿದ ಕೂಡ್ಲೇ ಮೊದಲು ಕೇಳೋದೇ ಚೀಲದ್ದಾ ಕ್ವಿಂಟಲ್ದಾ ಅಂತ." ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ, ಕ್ವಿಂಟಲ್ ನೂರು, ಅದನ್ನು ಕೇಳದೆ ವ್ಯಾಪಾರ ಮುಗಿಸಿದವನ ಕತೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಆಮೇಲಿಂದ ಪ್ರತಿ ಔಷಧಿಗೂ ಅದೇ ಪ್ರಶ್ನೆ ಹಾಕುತ್ತೇನೆ. ಅಡೆನೋಸಿನ್ ಅಂತ ಇನ್ನೊಂದಿದೆ, ಅದರ ಕೋಡು 1 ಮಿಲಿಗ್ರಾಂ ಲೆಕ್ಕ. ಅದನ್ನು ತೂಕ ನೋಡಿ ಕೊಡೋದು, ಕೆಜಿಗೆ ನಿಮಿಷಕ್ಕೆ 0.14 ಮಿಲಿಗ್ರಾಂ. 70 ಕೆಜಿ ಮನುಷ್ಯನಿಗೆ ಆರು ನಿಮಿಷ ಕೊಟ್ಟರೆ 58.8 ಆಯ್ತು, ಯೂನಿಟ್ 59. ಸೆಸ್ಟಾಮಿಬಿ ಅನ್ನೋ ಟೆಕ್ನೀಷಿಯಂ ಔಷಧಿ ಎ 9500 ಮಾತ್ರ ಡೋಸ್ ಲೆಕ್ಕ. ಮಲಗಿದ್ದಾಗ ಒಂದು, ಓಡಿದಾಗ ಒಂದು, ಒಟ್ಟು 2. ಇದೇ ಹೃದಯ ಸ್ಕ್ಯಾನಿಗೆ ಬಳಸುವ ಥ್ಯಾಲಿಯಂ ಆದರೆ ಮಿಲಿಕ್ಯೂರಿ, ಅಂದರೆ ವಿಕಿರಣ ಅಳೆಯುವ ಲೆಕ್ಕ. ಒಂದೇ ಅಂಗಡಿಯಲ್ಲಿ ಲೀಟರು, ಸೇರು, ಡಜನ್ ಮೂರೂ ಇದ್ದ ಹಾಗೆ. ಇಷ್ಟು ಸಾಲದು ಅಂತ, ಶೀಶೆಯಲ್ಲಿ ಉಳಿದದ್ದನ್ನು ಚೆಲ್ಲಿದರೆ ಒಂದು ಗುರುತು ಹಾಕಬೇಕು, 2023ರ ಜುಲೈಯಿಂದ ಅಲ್ಲಿನ ಸರ್ಕಾರಿ ಇನ್ಶೂರೆನ್ಸ್ ಆದ ಮೆಡಿಕೇರ್‌ನವರಿಗೆ ಏನೂ ಚೆಲ್ಲಿಲ್ಲ ಅನ್ನೋದಕ್ಕೂ ಇನ್ನೊಂದು ಗುರುತು ಬೇಕು! ನಗು ಬರುತ್ತೆ, ಆದರೆ ಹಾಕದಿದ್ದರೆ ಬಿಲ್ಲು ವಾಪಸ್.

ಇನ್ನೊಂದು ಮಾತು. ಸ್ಕ್ಯಾನ್ ಯಾಕೆ ಅನ್ನೋದಕ್ಕೂ ಕೋಡ್ ಬೇಕು. ಡಾಕ್ಟರ್ "ಹೃದಯದ ಬ್ಲಾಕ್ ಇರಬಹುದು, ನೋಡಿ" ಅಂತ ಬರೆದು ಕಳಿಸಿರುತ್ತಾರೆ. "ಇರಬಹುದು" ಅನ್ನೋದನ್ನ ಹೊರರೋಗಿಯ ಬಿಲ್ಲಲ್ಲಿ ಕಾಯಿಲೆ ಅಂತ ಬರೆಯೋ ಹಾಗಿಲ್ಲ. ರಿಪೋರ್ಟಲ್ಲೂ ಏನೂ ಖಚಿತ ಆಗದಿದ್ದರೆ ಎದೆನೋವು, ಆರ್ 07.9, ಅಷ್ಟೇ. ನನಗೆ ಈ ನಿಯಮ ಬಹಳ ಇಷ್ಟ. ಇಲ್ಲದಿದ್ದರೆ ಬರೀ ಗ್ಯಾಸಿನ ನೋವಿಗೆ ಹೋದ ಮನುಷ್ಯ ದಾಖಲೆಯಲ್ಲಿ ಹೃದ್ರೋಗಿ ಆಗಿಬಿಡುತ್ತಾನೆ.

ಈ ಕೆಲಸಕ್ಕೆ ಬರಬೇಕು ಅನ್ನುವ ನರ್ಸಿಂಗ್, ಫಾರ್ಮಸಿ, ಬಿಎಸ್ಸಿ ಹುಡುಗ ಹುಡುಗಿಯರಿಗೆ ಸಿಪಿಸಿ, ಅಂದರೆ ಸರ್ಟಿಫೈಡ್ ಪ್ರೊಫೆಷನಲ್ ಕೋಡರ್ ಅಂತ ಒಂದು ಪರೀಕ್ಷೆ ಇದೆ. 100 ಪ್ರಶ್ನೆ, 4 ಗಂಟೆ, ಪಾಸಾಗಲು 70 ಪರ್ಸೆಂಟ್. ಕೋಡಿನ ಪುಸ್ತಕ ಪಕ್ಕದಲ್ಲೇ ಇಟ್ಟುಕೊಂಡು ಬರೆಯಬಹುದು. ಹಾಗಂತ ಹಗುರ ಅಂದುಕೊಳ್ಳಬೇಡಿ, ಪುಟ ತಿರುವೋದರಲ್ಲೇ ನನಗೆ ಮೊದಲ ಸಲ ಟೈಮ್ ಮುಗಿದಿತ್ತು. ಎರಡನೇ ಸಲ ಪಾಸಾದೆ. ಆ ಪುಸ್ತಕ ಈಗಲೂ ಮೇಜಿನ ಮೇಲಿದೆ. ಔಷಧಿಯ ಪುಟಗಳ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿದ್ದೇನೆ, ದೊಡ್ಡಪ್ಪನ ಕೈಯಲ್ಲೇ ಬರೆಸಿದ್ದು: "ಚೀಲದ್ದಾ, ಕ್ವಿಂಟಲ್ದಾ?"